ಗುಂಡಿ ಜೋಡಿಸಿ ಕಲಿತವನು

ಅವನಿಗೆ ಓದಿದ್ದು ತಲೆಗೆ ಹತ್ತುತ್ತಿರಲಿಲ್ಲ. ಬಾಯಿಬಿಟ್ಟು ಇನ್ನೊಬ್ಬರಿಗೆ ಹೇಳಿದರೆ ಹತ್ತುತ್ತಿತ್ತು. ಅದೂ ಹೆಂಡತಿಗೆ ಹೇಳಿದರೆ ಮಾತ್ರ.

ಅಂಗಿಯ ಗುಂಡಿ, ದಾರ, ಜಿಪ್ಪು ಮಾರುವ ಅಂಗಡಿ ಅವರದು. ಗಿರಾಕಿಗಳೆಲ್ಲ ದರ್ಜಿಗಳು. ಅಪ್ಪ ತೀರಿಕೊಂಡಾಗ ಅವನಿಗೆ ಹದಿನೈದು ವರ್ಷ. ಶಾಲೆ ಬಿಟ್ಟು ಅಂಗಡಿಯಲ್ಲಿ ಕೂತ. ತಮ್ಮನನ್ನು ಓದಿಸಿದ. ತಮ್ಮನಿಗೆ ಓದು ಬೇಡವಾಗಿತ್ತು, ಅಂಗಡಿ ಬೇಕಾಗಿತ್ತು. ಅಣ್ಣನಿಗೆ ಅಂಗಡಿ ಇತ್ತು, ಓದು ಬೇಕಾಗಿತ್ತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಪುಸ್ತಕ ತೆರೆದು ತೆರೆದು, ಮನೆಯಿಂದಲೇ ಪರೀಕ್ಷೆ ಕಟ್ಟಿ, ಡಿಗ್ರಿ ಮುಗಿಸುವಷ್ಟರಲ್ಲಿ ಕಿವಿಯ ಮೇಲೆ ಕೂದಲು ಬೆಳ್ಳಗಾಗಿತ್ತು. ಅಷ್ಟಕ್ಕೆ ಬಿಡಲಿಲ್ಲ. ಪರದೇಶದ ಬಿಸಿನೆಸ್ ಯೂನಿವರ್ಸಿಟಿಗೆ ಅರ್ಜಿ ಹಾಕಿದ. ಒಂದು ವರ್ಷದ ಕೋರ್ಸು. ವಿದ್ಯಾರ್ಥಿವೇತನದ ಸಮೇತ ಸೀಟು ಸಿಕ್ಕಿತು. ಅಂಗಡಿಯನ್ನು ತಮ್ಮನ ಕೈಗೆ ಕೊಟ್ಟ.

ದರ್ಜಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಗುಂಡಿ ಮಾರೋಕೆ ಫಾರಿನ್ ಡಿಗ್ರಿ ಬೇಕಾ, ಸಾಹುಕಾರ್ರೇ?"

"ಮಾರೋಕೆ ಬೇಡಪ್ಪ. ಇಷ್ಟು ವರ್ಷ ನಾನು ಮಾಡಿದ್ದೇನು ಅಂತ ಗೊತ್ತಾಗೋಕೆ ಬೇಕು."

ಹೆಂಡತಿಗೆ ಅವನು ಹೇಳಿದ್ದು ಒಂದೇ ಮಾತು. "ನೀನೂ ಹೊರಡು. ನೀನಿಲ್ದೇ ಇದ್ರೆ ನಾನು ಯಾರಿಗೆ ಹೇಳ್ಲಿ?"

ಅವಳು ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಹೊರಟಳು. ಪೆಟ್ಟಿಗೆಯಲ್ಲಿ ಒಂದು ಡಬ್ಬ ತುಂಬ ಗುಂಡಿ, ಕೊಕ್ಕೆ ಇಟ್ಟುಕೊಂಡಳು.

"ಅದ್ಯಾಕೇ? ಅಲ್ಲಿಯವರು ಅಂಗಿಗೆ ಗುಂಡಿ ಹಾಕ್ಕೊಳಲ್ವಾ?"

"ಹಾಕ್ಕೊಳ್ತಾರೋ ಇಲ್ವೋ ನಂಗೇನ್ ಗೊತ್ತು. ನಿಮ್ಮದು ಕಿತ್ತು ಹೋದ್ರೆ ನಾನೇ ತಾನೇ ಹಾಕ್ಬೇಕು?"

ಆ ಊರಿನಲ್ಲಿ ಮಂಜು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಮೂರನೇ ಮಹಡಿಯಲ್ಲಿ ಒಂದು ಕೋಣೆ. ಒಂದು ಮಂಚ, ಒಂದು ಮೇಜು, ಎರಡು ಕುರ್ಚಿ. ಗೋಡೆಯ ಉದ್ದಕ್ಕೂ ಒಂದು ಕಬ್ಬಿಣದ ಕೊಳವೆ. ಅದರೊಳಗೆ ಬಿಸಿನೀರು ಹರಿದಾಗ ಯಾರೋ ಒಳಗಿನಿಂದ ಮೆಲ್ಲಗೆ ತಟ್ಟಿದ ಹಾಗೆ ಸದ್ದು. ಅಡುಗೆಮನೆ ಕಾರಿಡಾರಿನ ಕೊನೆಯಲ್ಲಿ, ಆರು ಕೋಣೆಗೆ ಒಂದೇ. ಕಿಟಕಿಯ ಹೊರಗೆ ರಸ್ತೆ ಇತ್ತು. ಆದರೆ ಬೆಳಿಗ್ಗೆ ನೋಡಿದರೆ ರಸ್ತೆ ಇರುತ್ತಿರಲಿಲ್ಲ, ಬಸ್ಸಿನ ದೀಪ ಮಾತ್ರ ತೇಲಿಕೊಂಡು ಹೋಗುತ್ತಿತ್ತು. ಮಂಜು ಕೋಣೆಯನ್ನು ಎತ್ತಿಕೊಂಡು ನಿಂತಿದೆ ಎಂದು ಅವಳಿಗೆ ಅನಿಸುತ್ತಿತ್ತು. ಕೆಳಗೆ ಇಳಿದರೆ ನೆಲ ಸಿಗುತ್ತದೋ ಇಲ್ಲವೋ.

ಮೊದಲ ದಿನ ಅವನು ಮುಖ ಸಣ್ಣದು ಮಾಡಿಕೊಂಡು ಬಂದ. ಕ್ಲಾಸಿನಲ್ಲಿ ಎಲ್ಲರೂ ಎಳೆಯರು. ಬಾಗಿಲ ಹತ್ತಿರ ನಿಂತ ಕಾವಲುಗಾರ ಅವನನ್ನು ನೋಡಿ, ಮಕ್ಕಳನ್ನು ಬಿಡಲು ಬಂದವರು ಆ ಕಡೆ ಕೂತುಕೊಳ್ಳಿ ಎಂದು ಕೈ ತೋರಿಸಿದನಂತೆ.

"ಕೂತ್ಕೊಂಡ್ರಾ?"

"ಕೂತ್ಕೊಂಡೆ. ಒಳ್ಳೆ ಚಹಾ ಕೊಟ್ರು. ಆಮೇಲೆ ಕ್ಲಾಸಿಗೆ ಓಡಿದೆ."

ಇಬ್ಬರೂ ನಕ್ಕರು. ಆಮೇಲೆ ಅವನು, "ಒಂದು ಅಕ್ಷರ ಅರ್ಥ ಆಗ್ಲಿಲ್ಲ ಕಣೇ" ಎಂದ. ಅವಳು ಡಬ್ಬ ತಂದು ಹೊದಿಕೆಯ ಮೇಲೆ ಸುರಿದಳು. "ಅಂಗಡಿ ಅಂದ್ಕೊಂಡು ಹೇಳಿ."

ಅಲ್ಲಿಂದ ಪಾಠ ಶುರುವಾಯಿತು. ದಿನಾ ನಾಲ್ಕು ಗಂಟೆಗೆ ಬಂದು ಬೂಟು ಬಿಚ್ಚಿ "ಕೇಳು" ಎನ್ನುತ್ತಿದ್ದ. ಕೋಟಿನ ದೊಡ್ಡ ಗುಂಡಿ ಅಂದರೆ ಅಂಗಡಿ. ನಾಲ್ಕು ತೂತಿನ ಬಿಳಿ ಗುಂಡಿ ದಿನಾ ಬರುವ ಗಿರಾಕಿ. ಎರಡು ತೂತಿನದು ಒಮ್ಮೆ ಬಂದು ಹೋಗುವವನು. ಕೊಕ್ಕೆಗಳು ಸರಕು ಕಳಿಸುವವರು. ಅವಳು ನಡುನಡುವೆ ಬಾಯಿ ಹಾಕುತ್ತಿದ್ದಳು. "ಆ ಕೊಕ್ಕೆ ಇಷ್ಟು ಹತ್ತಿರ ಯಾಕೆ? ಅಲ್ಲಿಂದ ಸರಕು ಬರೋಕೆ ತಿಂಗಳು ಹಿಡಿಯುತ್ತೆ. ದೂರ ಇಡಿ." ಅವನು ದೂರ ಇಡುತ್ತಿದ್ದ. ಮರುದಿನ ಕ್ಲಾಸಿನಲ್ಲಿ ಕೈ ಎತ್ತಿ ಅದನ್ನೇ ಕೇಳುತ್ತಿದ್ದ.

"ಪ್ರೊಫೆಸರಮ್ಮ ಕೇಳಿದ್ರು, ಈ ಪ್ರಶ್ನೆ ನಿನಗೆ ಹೇಗೆ ಹೊಳೀತು ಅಂತ."

"ಏನಂದ್ರಿ?"

"ಹೊಳೀತು ಅಂದೆ."

"ಕಳ್ಳ."

ಪಾಠ ಮುಗಿದ ಮೇಲೆ ಅವಳು ಗುಂಡಿಗಳನ್ನು ಬಣ್ಣ ನೋಡಿ, ತೂತು ನೋಡಿ, ಬೇರೆ ಮಾಡಿ ಸಣ್ಣ ಪೊಟ್ಟಣಗಳಲ್ಲಿ ಹಾಕಿ ಡಬ್ಬಕ್ಕೆ ಸೇರಿಸುತ್ತಿದ್ದಳು. ಅದು ಅಂಗಡಿಯ ಪದ್ಧತಿ. ಬಾಗಿಲು ಹಾಕುವ ಮುಂಚೆ ಕಟ್ಟೆಯ ಮೇಲೆ ಒಂದು ಗುಂಡಿಯೂ ಬಿಡಿಯಾಗಿ ಬಿದ್ದಿರಬಾರದು. ಮದುವೆಯಾಗಿ ಬಂದ ವಾರದಲ್ಲೇ ಅತ್ತೆ ಕಲಿಸಿದ್ದರು. ಅದನ್ನು ಮಾಡಲು ಅವಳಿಗೆ ಕಣ್ಣೂ ಬೇಕಿರಲಿಲ್ಲ.

ಕೊನೆಗೆ ದೊಡ್ಡ ಪ್ರಾಜೆಕ್ಟು ಬಂತು. ನಾಲ್ವರು ಸೇರಿ ಒಂದು ಚಿಕ್ಕ ವ್ಯಾಪಾರವನ್ನು ಹೊಸದಾಗಿ ಕಟ್ಟಿ ತೋರಿಸಬೇಕು. ಅವನ ಗುಂಪಿನಲ್ಲಿ ಕನ್ನಡ ಬಲ್ಲ ಒಬ್ಬ ಹುಡುಗಿ, ಇಬ್ಬರು ಹುಡುಗರು. ಒಬ್ಬನಿಗೆ ಅವನು ಇಟ್ಟ ಹೆಸರು ಲಂಬು. ಇನ್ನೊಬ್ಬ ನಿದ್ದೆಪ್ಪ. ನಾಲ್ವರೂ ಗುಂಡಿ ಅಂಗಡಿಯನ್ನೇ ಆರಿಸಿದರು. ಯಾವ ಸರಕು ಇಡಬೇಕು, ಯಾವುದು ಬೇಡ ಎನ್ನುವ ಭಾಗ ಅವನದು.

ಆ ಭಾಗದಲ್ಲಿ ಗಂಡಹೆಂಡಿರಿಗೆ ಜಗಳ ಬಿತ್ತು. ಒಂಟಿ ಗುಂಡಿಗಳ ವಿಷಯ. ಜೊತೆ ತಪ್ಪಿ ಒಂದೊಂದೇ ಉಳಿದವುಗಳನ್ನು ಅಂಗಡಿಯಲ್ಲಿ ಒಂದು ಖಾನೆಯಲ್ಲಿ ಹಾಕಿಡುತ್ತಿದ್ದರು.

"ಅದು ಸತ್ತ ಸರಕು. ಜಾಗ ತಿನ್ನುತ್ತೆ. ತೆಗೆದು ಬಿಸಾಕ್ಬೇಕು."

"ಹಳೇ ಕೋಟಿನ ಒಂದು ಗುಂಡಿ ಕಳ್ಕೊಂಡವಳು ಎಲ್ಲಿಗೆ ಹೋಗ್ತಾಳೆ? ಅರ್ಧ ಗಂಟೆ ಕೂತು ಹುಡುಕ್ತಾಳೆ. ಸಿಕ್ರೆ ಖುಷಿಯಾಗಿ ಹೋಗ್ತಾಳೆ. ಮುಂದಿನ ವಾರ ಅವಳ ದರ್ಜಿ ಬರ್ತಾನೆ, ಮಗಳು ಬರ್ತಾಳೆ."

"ಅದನ್ನ ನಾನು ಹೇಗೆ ತೋರಿಸ್ಲಿ?"

"ತೋರ್ಸೋಕೆ ಬರ್ದೇ ಇದ್ರೆ ಇಲ್ಲ ಅಂತಾನಾ?"

ಅವನು ಮುಖ ಊದಿಸಿಕೊಂಡ. ಅವಳೂ ಊದಿಸಿಕೊಂಡಳು. ಮಾರನೆಯ ಬೆಳಿಗ್ಗೆ ಬೂಟು ಕಟ್ಟುತ್ತ ಅವನು, "ಇವತ್ತು ಹೊದಿಕೆ ಮೇಲಿಂದು ತೆಗೀಬೇಡ. ಪೂರ್ತಿ ಜೋಡ್ಸಿದೀನಿ. ಬಂದು ನೋಡಿ ಬರ್ಕೊಳ್ತೀನಿ. ನಿನ್ನ ಒಂಟಿ ಗುಂಡಿ ವಿಚಾರ ಸಂಜೆ ನೋಡೋಣ" ಎಂದ.

ಕ್ಲಾಸಿಗೆ ಹತ್ತುವ ಮೆಟ್ಟಿಲ ಮೇಲೆ ಕೂತನಂತೆ. ಕೂತವನು ಏಳಲಿಲ್ಲ. ಎದೆಬಡಿತ ನಿಂತಿತ್ತು.

ಗುಂಪಿನವರು ಬಂದು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಆಮೇಲೆ ಕೋಣೆಗೆ ಕರೆದುಕೊಂಡು ಬಂದು ಬಿಟ್ಟರು. ಗುಂಪಿನ ಹುಡುಗಿ ನೀರು ತರಲು ಅಡುಗೆಮನೆಗೆ ಹೋದಳು. ಇವಳು ಮಂಚದ ಅಂಚಿನಲ್ಲಿ ಕೂತಳು. ಮುಂದೆ ಗುಂಡಿಗಳಿದ್ದವು. ಕೈ ತಾನಾಗಿ ಹೋಯಿತು. ಬಿಳಿಯದು ಬಿಳಿಯದರ ಜೊತೆ, ಕರಿಯದು ಕರಿಯದರ ಜೊತೆ. ನಾಲ್ಕು ತೂತಿನದು ಬೇರೆ, ಎರಡು ತೂತಿನದು ಬೇರೆ. ಹುಡುಗಿ ನೀರು ತಂದಾಗ ಹೊದಿಕೆ ಖಾಲಿಯಾಗಿತ್ತು. ಅವಳು ಡಬ್ಬದ ಮುಚ್ಚಳ ಹಾಕಿ ಅದರ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು.

ಮಾಡಬೇಕಾದ್ದನ್ನೆಲ್ಲ ಅಲ್ಲೇ ಮಾಡಿದರು. ಮೈದುನನಿಗೆ ಅಷ್ಟು ಬೇಗ ಬರಲು ಕಾಗದಪತ್ರ ಆಗಲಿಲ್ಲ. ಫೋನಿನಲ್ಲಿ ಅತ್ತ. "ಬಂದ್ಬಿಡಿ ಅತ್ತಿಗೆ. ಅಲ್ಲಿ ಒಬ್ರೇ ಏನ್ ಮಾಡ್ತೀರಿ?"

ಹೊರಡುವುದೆಂದೇ ಆಯಿತು. ಆಗ ಗುಂಪಿನ ಮೂವರೂ ಬಂದರು. ಲಂಬು ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ ಬಂದ. ನಿದ್ದೆಪ್ಪನ ಕಣ್ಣು ಕೆಂಪಾಗಿತ್ತು. ಹುಡುಗಿಯೇ ಮಾತಾಡಿದಳು.

"ಅಕ್ಕಾ, ಇದೊಂದೇ ಬಾಕಿ ಇದ್ದದ್ದು. ಅಣ್ಣನ ಭಾಗ ಅವರ ಪರವಾಗಿ ಯಾರಾದ್ರೂ ತೋರಿಸಿದ್ರೆ ಅವರ ಹೆಸರು ಇರುತ್ತೆ, ಸರ್ಟಿಫಿಕೇಟ್ ಕೊಡ್ತಾರೆ. ತೋರಿಸ್ದೇ ಇದ್ರೆ ಹೆಸರು ತೆಗೆದುಬಿಡ್ತಾರೆ. ಇನ್ನು ಹತ್ತು ದಿನ ಇದೆ. ಅವರು ಬರೆದಿಟ್ಟಿದ್ದು ಎಲ್ಲಿದೆ?"

ಅವಳು ಖಾಲಿ ಹೊದಿಕೆಯ ಕಡೆ ತಿರುಗಿದಳು.

"ಬರೆದಿಟ್ಟಿರ್ಲಿಲ್ಲ. ಜೋಡಿಸಿಟ್ಟಿದ್ರು. ನಾನು ತೆಗೆದುಬಿಟ್ಟೆ."

ಕೊಳವೆ ಒಂದು ಸಲ ತಟ್ಟಿತು.

ಇಪ್ಪತ್ತಾರು ವರ್ಷದಿಂದ ಓದಬೇಕು ಓದಬೇಕು ಅಂದವನು. ಓದಿ ಮುಗಿಸಿದ. ಹೆಸರು ಮಾತ್ರ ಇರುವುದಿಲ್ಲ. ಅದೂ ಅವಳ ಕೈಯಿಂದ. ಹುಡುಗಿಯನ್ನು ನೋಡಿ, "ಹತ್ತು ದಿನ ಇದೆ ತಾನೇ? ಇರ್ತೀನಿ" ಎಂದಳು.

ಊಟ ಮಾಡಿ ಮಧ್ಯಾಹ್ನ ಮಲಗುತ್ತಿದ್ದಳು. ಪೂರಾ ನಿದ್ದೆ ಅಲ್ಲ, ಪೂರಾ ಎಚ್ಚರವೂ ಅಲ್ಲ. ಕಿಟಕಿಯ ಮಂಜು ಕೋಣೆಯೊಳಗೆ ಬಂದ ಹಾಗೆ ಇರುತ್ತಿತ್ತು. ನಾಲ್ಕು ಗಂಟೆಗೆ ಅವನು ಬರುತ್ತಿದ್ದ. ಬೂಟಿನ ಸದ್ದು ಇಲ್ಲ. ಮಂಚ ಒಂದು ಕಡೆ ತಗ್ಗುತ್ತಿತ್ತು. "ಕೇಳು" ಎನ್ನುತ್ತಿದ್ದ. ಮುಖ ಕಾಣುತ್ತಿರಲಿಲ್ಲ, ಕೈ ಕಾಣುತ್ತಿತ್ತು. ಬೆರಳು ಒಂದು ಗುಂಡಿಯನ್ನು ಎಡಕ್ಕೆ ಸರಿಸುತ್ತಿತ್ತು. ಅವಳು ಕಣ್ಣು ಬಿಟ್ಟರೆ ಬರೀ ಹೊದಿಕೆ. ಆದರೆ ಆ ಗುಂಡಿ ಎಲ್ಲಿಗೆ ಹೋಯಿತೆಂದು ಗೊತ್ತಿರುತ್ತಿತ್ತು. ಎದ್ದು ಅದನ್ನು ಅಲ್ಲಿಡುತ್ತಿದ್ದಳು. ಒಂದು ದಿನ ಎರಡು, ಒಂದು ದಿನ ಆರು. ಒಂದು ದಿನ ಅವನು ಬರಲೇ ಇಲ್ಲ. ಅವತ್ತು ಅವಳು ಗೋಡೆಗೆ ಮುಖ ಮಾಡಿ, "ನಂಗೆ ಇದು ಬೇಕಾ? ನಿಮ್ಮ ಪರೀಕ್ಷೆ ನೀವೇ ಬರೀರಿ" ಎಂದು ಬೈದಳು. ಮರುದಿನ ಬಂದ.

ಹುಡುಗಿ ದಿನಾ ಸಂಜೆ ಬಂದು ಬರೆದುಕೊಂಡು ಹೋಗುತ್ತಿದ್ದಳು. ಒಂಬತ್ತನೆಯ ದಿನ ಎಲ್ಲ ಸೇರಿತು. ಒಂಟಿ ಗುಂಡಿಗಳ ಜಾಗ ಬಿಟ್ಟು.

"ಅಕ್ಕಾ, ಇಲ್ಲಿ ನಿಮ್ಮ ಮಾತೇ ಸರಿ. ಅದನ್ನೇ ಇಡಿ. ಪ್ರೊಫೆಸರಮ್ಮ ಖಂಡಿತ ಮೆಚ್ಚುತ್ತಾರೆ."

"ಅದು ನಂದು. ಅವರದ್ದಲ್ಲ."

"ಹಾಗಾದ್ರೆ ಅಣ್ಣ ಹೇಳಿದಂಗೆ ತೆಗೆದುಹಾಕೋಣ."

"ಸಂಜೆ ನೋಡೋಣ ಅಂದಿದ್ರು. ಒಪ್ಪಿದ್ರೋ ಇಲ್ವೋ ನಂಗೊತ್ತಿಲ್ಲ. ಆ ಸಂಜೆ ಬರ್ಲೇ ಇಲ್ವಲ್ಲ."

"ಕನಸಲ್ಲಿ ಏನೂ ಹೇಳಿಲ್ವಾ?"

"ಅದೊಂದು ಬಿಟ್ಟು ಎಲ್ಲ ಹೇಳ್ತಾರೆ. ಮೊದಲಿಂದ್ಲೂ ಹಾಗೇ. ಸೋತಾಗ ಬಾಯಿ ಬಿಡೋ ಮನುಷ್ಯ ಅಲ್ಲ."

ಇಬ್ಬರೂ ನಕ್ಕರು. ನಗುತ್ತಲೇ ಅವಳು ಅತ್ತಳು. ಆಸ್ಪತ್ರೆಯಿಂದ ಬಂದ ಮೇಲೆ ಅತ್ತದ್ದು ಅದೇ ಮೊದಲು.

ಹತ್ತನೆಯ ದಿನ ಬೆಳಿಗ್ಗೆ ಯೂನಿವರ್ಸಿಟಿಗೆ ಹೋದಳು. ಆ ಮೆಟ್ಟಿಲನ್ನು ಹತ್ತಲೇಬೇಕಿತ್ತು. ಹತ್ತಿದಳು. ದೊಡ್ಡ ಕೋಣೆ, ಉದ್ದನೆಯ ಮೇಜು. ಗಾಜಿನ ಗೋಡೆಯಾಚೆ ಮಂಜು. ಪ್ರೊಫೆಸರಮ್ಮನ ತಲೆ ಪೂರ್ತಿ ಬೆಳ್ಳಗಿತ್ತು. ಪಕ್ಕದಲ್ಲಿ ಇನ್ನಿಬ್ಬರು. ಲಂಬು ಹೇಳಿದ. ನಿದ್ದೆಪ್ಪ ಹೇಳಿದ. ಹುಡುಗಿ ತನ್ನ ಭಾಗ ಹೇಳಿ, ಅವಳ ಪಕ್ಕಕ್ಕೆ ಬಂದು ನಿಂತಳು.

ಅವಳು ಮೇಜಿನ ಮೇಲೆ ಒಂದೊಂದೇ ಇಡುತ್ತ ಹೋದಳು. ಇಡುತ್ತ ಹೇಳಿದಳು. ಹುಡುಗಿ ಅದನ್ನು ಆ ಊರಿನ ಮಾತಿನಲ್ಲಿ ಹೇಳಿದಳು. ಅಂಗಡಿ ಇಲ್ಲಿ. ದಿನಾ ಬರೋರು ಇಲ್ಲಿ. ಈ ಕೊಕ್ಕೆ ದೂರ, ಅದಕ್ಕೇ ಈ ಸರಕು ಮೊದಲೇ ತರಿಸಬೇಕು. ಇದು ಹತ್ತಿರ, ಬೇಕಾದಾಗ ತರಿಸಿದರೆ ಸಾಕು. ಬೇಗ ಓಡುವುದು ಕೈಗೆ ಸಿಗುವಲ್ಲಿ, ನಿಧಾನದ್ದು ಮೇಲಿನ ಖಾನೆಯಲ್ಲಿ. ಮಾತು ತನ್ನದೋ ಅವನದೋ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಮೇಜು ನೀರಿನ ಮೇಲೆ ತೇಲುತ್ತಿದ್ದ ಹಾಗಿತ್ತು.

ಕೊನೆಗೆ ಒಂಟಿ ಗುಂಡಿಗಳನ್ನು ಒಂದು ಹಿಡಿ ತೆಗೆದು ಮೇಜಿನ ಅಂಚಿನಲ್ಲಿ ಸುಮ್ಮನೆ ರಾಶಿ ಹಾಕಿದಳು.

"ಇವು ಎಲ್ಲಿ ಹೋಗಬೇಕು?" ಪ್ರೊಫೆಸರಮ್ಮ ಕೇಳಿದರು.

"ಗೊತ್ತಿಲ್ಲ. ಬಿಸಾಕ್ಬೇಕು ಅಂತ ಅವರು. ಇಟ್ಕೋಬೇಕು ಅಂತ ನಾನು. ಜಗಳ ಮುಗಿದಿರ್ಲಿಲ್ಲ."

ಪಕ್ಕದಲ್ಲಿದ್ದವರು ಹುಬ್ಬು ಗಂಟು ಹಾಕಿದರು. ಮುಗಿಯದ ಕೆಲಸವನ್ನು ತೂಗುವುದು ಹೇಗೆ ಎಂದು ಒಬ್ಬರು ಕೇಳಿದರು.

"ಅಷ್ಟೇ ಇರೋದು ಅಂತ ತೂಗಿ," ಎಂದಳು. "ಅವರು ಹೇಳ್ದೇ ಇದ್ದದ್ದನ್ನ ಅವರ ಹೆಸರಲ್ಲಿ ಇಡೋಕೆ ನನ್ ಕೈಲಾಗಲ್ಲ. ಅವರು ಗೆದ್ರು ಅಂದ್ರೂ ಸುಳ್ಳು. ಸೋತ್ರು ಅಂದ್ರೂ ಸುಳ್ಳು."

ಹುಡುಗಿ ಹೇಳಿ ಮುಗಿಸಿದ ಮೇಲೆ ಪ್ರೊಫೆಸರಮ್ಮ ಆ ರಾಶಿಯಿಂದ ಒಂದು ಗುಂಡಿ ಎತ್ತಿಕೊಂಡರು.

"ಸರಕು ದೂರದಿಂದ ಬಂದ್ರೆ ಏನಾಗುತ್ತೆ ಅಂತ ಅವನು ಮೊದಲ ತಿಂಗಳು ಕೇಳಿದ್ದ. ಆ ಪ್ರಶ್ನೆ ನಿನ್ನದಾ?"

"ನಾನು ಹೇಳಿದ್ದು. ಕೇಳಿದ್ದು ಅವರು. ಅಷ್ಟು ಜನರ ಮುಂದೆ ಎದ್ದು ನಿಂತು ಕೇಳೋಕೆ ಧೈರ್ಯ ಬೇಕು, ಅದು ಅವರದ್ದೇ."

ಪ್ರೊಫೆಸರಮ್ಮ ಏನೋ ಬರೆದುಕೊಂಡರು. ಇಷ್ಟೇ ಎಂದು ತಲೆಯಾಡಿಸಿದರು.

ಮೂರು ದಿನದ ಮೇಲೆ ಯೂನಿವರ್ಸಿಟಿಯ ಕೆಳಮಹಡಿಯ ಗಾಜಿನ ಹಲಗೆಯಲ್ಲಿ ಪಾಸಾದವರ ಪಟ್ಟಿ ಅಂಟಿಸಿದರು. ಓದಿ ಹೇಳಲು ಹುಡುಗಿ ಇನ್ನೂ ಬಂದಿರಲಿಲ್ಲ. ಅವಳಿಗೆ ಆ ಊರಿನ ಅಕ್ಷರ ಬಾರದು. ಕೋಣೆಯ ಬಾಗಿಲ ಮೇಲೆ ಅಂಟಿಸಿದ್ದ ಅವನ ಹೆಸರಿನ ಚೀಟಿಯನ್ನು ಒಂದು ವರ್ಷ ನೋಡಿದ್ದಳು. ಮೊದಲು ಒಂದು ಗೂಟದಂಥದು, ಆಮೇಲೆ ಎರಡು ಗುಂಡನೆಯವು, ಕೊನೆಗೆ ಬಾಲ. ಪಟ್ಟಿಯ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಇಳಿದಳು. ಹಿಂದೆ ಹುಡುಗರು ತಮ್ಮ ತಮ್ಮ ಹೆಸರು ನೋಡಲು ನೂಕುತ್ತಿದ್ದರು. ಅವಳು ಜಾಗ ಬಿಡಲಿಲ್ಲ. ಗೂಟ, ಎರಡು ಗುಂಡನೆಯವು, ಬಾಲ.

ಬೆರಳು ಅಲ್ಲೇ ನಿಂತಿತು. ಎರಡು ಸಲ ನೋಡಿದಳು. ಮೂರನೆಯ ಸಲವೂ ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದಳು.

ಹೊರಗೆ ಬಂದು ಮೈದುನನಿಗೆ ಫೋನು ಮಾಡಿದಳು. ಅಲ್ಲಿ ಅಂಗಡಿಯ ಗದ್ದಲ ಕೇಳುತ್ತಿತ್ತು.

"ಪಾಸಾದ್ರು."

"ಯಾರು ಅತ್ತಿಗೆ?"

"ಇನ್ಯಾರು. ನಿಮ್ಮಣ್ಣ."

ಆ ಕಡೆಯಿಂದ ಅಳು ಕೇಳಿತು.

"ಅಳ್ಬೇಡ. ಎದುರಿಗೆ ಯಾರಿದ್ದಾರೆ?"

"ಇಬ್ರು ದರ್ಜಿಗಳು."

"ಮೊದ್ಲು ಅವರಿಗೆ ಹೇಳು."