ಮಂಚದ ಪಕ್ಕದ ಹತ್ತೊಂಬತ್ತನೇ ಹೆಜ್ಜೆ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಎಲ್ಲರೂ ‘ಕನ್ನಡಕದಕ್ಕ’ ಎಂದು ಕರೆಯುವ ಆಕೆ, ಹನ್ನೊಂದು ಅಡಿ ಉದ್ದದ ಕೋಣೆಯಲ್ಲಿ ಬರಿಗಾಲಲ್ಲಿ ಕರಾಟೆಯ ಕಟಾ ಮಾಡುತ್ತಿದ್ದಳು. ಕಟಾ ಎಂದರೆ ಎದುರಾಳಿ ಇಲ್ಲದೆ, ಗೊತ್ತುಪಡಿಸಿದ ಕ್ರಮದಲ್ಲಿ ಮಾಡುವ ಹೊಡೆತ, ತಡೆಗಳ ಸರಣಿ. ಅವಳದರಲ್ಲಿ ಇಪ್ಪತ್ತಾರು ಹೆಜ್ಜೆ. ಮೂಲೆಯ ಮಂಚದಲ್ಲಿ ಮಲಗಿದ ಅತ್ತೆ ಎಣಿಸುತ್ತಿದ್ದರು.

“ಹದಿನೆಂಟು. ಹತ್ತೊಂಬತ್ತು. ನೋಡ್ಕೊಂಡು ಕಣೇ, ನನ್ನ ಕಾಲಿಗೆ ಒದ್ದೀಯ.”

“ಸ್ವಲ್ಪ ಮಡಚ್ಕೊಳ್ಳಿ ಅತ್ತೆ.”

“ಮಡಚೋ ಕಾಲಾಗಿದ್ರೆ ನಾನೂ ನಿನ್ಜೊತೆ ಕುಣೀತಿದ್ದೆ.”

ಆಕೆಗೆ ನಲವತ್ತಮೂರು. ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ. ಕಪ್ಪು ಬೆಲ್ಟ್ ಸಿಕ್ಕರೆ ಹೆಂಗಸರ ತರಗತಿಯನ್ನು ಅವಳಿಗೇ ಬಿಟ್ಟುಕೊಡುವುದಾಗಿ ಕರಾಟೆ ಮೇಷ್ಟ್ರು ಹೇಳಿದ್ದರು. ನಾಲ್ಕು ವರ್ಷದಿಂದ ಅದೊಂದೇ ಆಸೆ.

ಬೆಲ್ಟಿನ ಪರೀಕ್ಷೆ ನಡೆದದ್ದು ದೊಡ್ಡ ಹಾಲಿನಲ್ಲಿ. ಸುತ್ತ ಬೇಕಾದಷ್ಟು ಜಾಗವಿತ್ತು. ಆದರೂ ಹತ್ತೊಂಬತ್ತನೇ ಹೆಜ್ಜೆ ಅರ್ಧಕ್ಕೇ ನಿಂತಿತು.

“ಯಾಕಮ್ಮ ಮೊಟಕಾಯ್ತು?” ಎಂದರು ಪರೀಕ್ಷಕರು.

“ಅಲ್ಲಿ ಅತ್ತೆ ಮಂಚ ಇದೆ ಸರ್.”

ಕೂತವರೆಲ್ಲ ನಕ್ಕರು. ಪರೀಕ್ಷಕರು ನಗಲಿಲ್ಲ. “ಮೈಗೆ ಏನು ಕಲಿಸಿದ್ರೋ ಅದನ್ನೇ ಒಪ್ಪಿಸುತ್ತೆ ನೋಡಿ. ಆರು ತಿಂಗಳು ಬಿಟ್ಟು ಬನ್ನಿ.”

ಸುದ್ದಿ ಕೇಳಿದ ಅತ್ತೆ, “ನನ್ನ ಮಂಚ ಅಡುಗೆಮನೆಗೆ ಹಾಕಿಬಿಡು,” ಎಂದರು.

“ಆಮೇಲೆ ಎಣಿಸೋರು ಯಾರು?” ಎಂದಳು ಸೊಸೆ.

ಆ ವಾರ ಅಂಗಡಿಯಲ್ಲಿ, ಓರೆಯಾಗಿ ಕೂತ ಗಾಜೊಂದನ್ನು ಫ್ರೇಮಿನೊಳಗೆ ತಿರುಗಿಸುತ್ತಿದ್ದಾಗ ಆಕೆಗೆ ಉಪಾಯ ಹೊಳೆಯಿತು. ಮಾರನೆಯ ಬೆಳಿಗ್ಗೆ ಕಿಟಕಿಯ ಬದಲು ಬಾಗಿಲಿಗೆ ಮುಖಮಾಡಿ ಕಟಾ ಶುರುಮಾಡಿದಳು. ಮಂಚ ಏಳನೇ ಹೆಜ್ಜೆಗೆ ಅಡ್ಡ ಬಂತು. ಹತ್ತೊಂಬತ್ತನೆಯದು ಪೂರ್ತಿ ಚಾಚಿತು. ಅಂದಿನಿಂದ ದಿನಕ್ಕೆ ನಾಲ್ಕು ಸಲ, ಒಂದೊಂದು ಗೋಡೆಯ ಕಡೆಗೆ ಒಂದೊಂದು ಸಲ; ಪ್ರತಿ ಸಲವೂ ಮಂಚದಿಂದ ಮೊಟಕಾಗುವ ಹೆಜ್ಜೆ ಬೇರೆ.

“ಒಂದು ತಪ್ಪಿತ್ತು, ನಾಲ್ಕು ಮಾಡ್ಕೊಂಡ್ಯಲ್ಲೇ,” ಎಂದು ಅತ್ತೆ ಛೇಡಿಸಿದರು.

“ಒಂದೊಂದು ತಪ್ಪಿಗೂ ಮೂರು ಸರಿ ಇದೆಯಲ್ಲ ಅತ್ತೆ.”

ಹೀಗೆ ನೂರ ಎಂಬತ್ತು ಬೆಳಗು ಕಳೆದವು. ತನಗೆ ಜ್ವರ ಬಂದ ಎರಡು ದಿನವೂ, ಅತ್ತೆ ಬೇಡವೆಂದರೂ ಆಕೆ ಬಿಡಲಿಲ್ಲ. ಮತ್ತೆ ಅದೇ ಹಾಲಿನಲ್ಲಿ ನಿಂತಾಗ ಹತ್ತೊಂಬತ್ತನೇ ಹೆಜ್ಜೆಯನ್ನು ಯಾರೂ ಗಮನಿಸಲೇ ಇಲ್ಲ. ಅದರಲ್ಲಿ ಗಮನಿಸುವಂಥದ್ದೇನೂ ಉಳಿದಿರಲಿಲ್ಲ.

ಹೆಂಗಸರ ತರಗತಿಯ ಮೊದಲ ದಿನ, ಬೆವರು ಒರೆಸಿಕೊಳ್ಳುತ್ತ ಒಬ್ಬಳು ಕೇಳಿದಳು: “ಅಕ್ಕ, ಎದುರಿಗೆ ಯಾರೂ ಇಲ್ದೆ ಗಾಳಿಗೆ ಎಷ್ಟು ಸಲ ಹೊಡೀಬೇಕು?”

ಕನ್ನಡಕದಕ್ಕ ಮನಸ್ಸಿನಲ್ಲೇ ಒಮ್ಮೆ ನೂರ ಎಂಬತ್ತು ಬೆಳಗನ್ನು ಮೂರು ಸರಿಯಿಂದ ಗುಣಿಸಿ ನೋಡಿದಳು.

“ಎಲ್ಲದರ ಲೆಕ್ಕ ಗೊತ್ತಿಲ್ಲ ಕಣಮ್ಮ. ನಂಗೆ ಒಂದು ಹೆಜ್ಜೆ ಸರಿಹೋಗೋಕೆ ಹಿಡಿದಿದ್ದು ಐನೂರ ನಲವತ್ತು.”