ಹಬೆಯ ಕೋಣೆಯಲ್ಲಿ ಕರ್ತನ ಸನ್ನಿಧಿ

ಆಸ್ಪತ್ರೆಯ ಸೇವೆಯೆಂದರೆ ರೋಗಿಯ ತಲೆದಿಂಬಿನ ಬಳಿ ನಿಲ್ಲುವುದು ಎಂದು ತಿಳಿದವರೇ ಹೆಚ್ಚು. ಶಸ್ತ್ರಚಿಕಿತ್ಸೆಯ ಕತ್ತರಿ ಚಿಮಟಗಳನ್ನು ಉಜ್ಜಿ ತೊಳೆದು, ಟ್ರೇಗಳಲ್ಲಿ ಜೋಡಿಸಿ, ಹಬೆಯ ಯಂತ್ರದಲ್ಲಿಟ್ಟು ಶುದ್ಧಗೊಳಿಸುವ ನೆಲಮಾಳಿಗೆಯ ಕೋಣೆಯಲ್ಲಿ ಮೂರು ದಶಕಕ್ಕೂ ಮೀರಿ ದುಡಿದು, ರೋಗಿಗಳ ಮುಖವನ್ನೇ ನೋಡದೆ ಅವರ ಜೀವ ಕಾದ ಹಿರಿಯ ನರ್ಸ್, ನಮ್ಮೆಲ್ಲರ 'ಹಬೆ ಅಕ್ಕ', ಈ ತಿಳಿವಳಿಕೆಗೆ ಸವಾಲಾಗಿ ನಿಂತವರು. ಅವರ ನಿವೃತ್ತಿಯ ಈ ಅಭಿನಂದನಾ ಸಂಪುಟದಲ್ಲಿ ಸಿಹಿ ಮಾತುಗಳಿಗೇನೂ ಬರವಿಲ್ಲ. ಅವರ ಕೈಕೆಳಗೆ ಕೆಲಸ ಕಲಿತ ಈ ಲೇಖಕಿ ಮಾತ್ರ ಒಂದು ಕಹಿ ಸಂಗತಿಯನ್ನು ಹೇಳಿಯೇ ತೀರುತ್ತಾಳೆ.

ವಾರ್ಡಿನಿಂದ ಈ ಕೋಣೆಗೆ ವರ್ಗವಾಗಿ ಬಂದಾಗ ಲೇಖಕಿ ಉಪವಾಸ, ಪ್ರಾರ್ಥನಾಕೂಟ ಎಂದು ಅಲೆದಲೆದು, ದೇವರು ಕೈಗೆ ಸಿಗಲಿಲ್ಲವೆಂದು ಮುಖ ಸಪ್ಪೆ ಮಾಡಿಕೊಂಡಿದ್ದಳು. ಅಕ್ಕನವರು ನಕ್ಕರು. "ದೇವರು ಭಾನುವಾರ ಮಾತ್ರ ಮನೇಲಿರ್ತಾನೆ ಅಂದ್ಕೊಂಡಿದ್ದೀಯಾ? ಆ ಕತ್ತರಿ ಸಂದು ಸರಿಯಾಗಿ ಉಜ್ಜು. ಉಜ್ತಾನೇ ಮಾತಾಡ್ಸು."

ಟ್ರೇಯನ್ನು ಮೇಲಿನ ಥಿಯೇಟರಿಗೆ ಕಳುಹಿಸುವ ಮುನ್ನ ಅದರ ಮೇಲೆ ಅಂಗೈಯಿಟ್ಟು, "ಕರ್ತನೇ, ಇದು ಯಾರ ಮೈ ಮುಟ್ಟುತ್ತೋ ಅವರ ಹತ್ರ ಇರು" ಎನ್ನುವುದು ಅವರ ರೂಢಿ. ಅಷ್ಟೇ ಅವರ ಪ್ರಾರ್ಥನೆ, ಉಸಿರು ಎಳೆದು ಬಿಡುವಷ್ಟು ಹೊತ್ತಿನದು. ಲೇಖಕಿಯ ತಂದೆ ಹಾಸಿಗೆ ಹಿಡಿದಾಗ ಮೂರು ವಾರ ಅವಳ ಪಾಳಿಯನ್ನೂ ತಾವೇ ಮಾಡಿ, ಆ ವಿಷಯವನ್ನು ಒಮ್ಮೆಯೂ ಬಾಯಿಬಿಡದವರು ಅವರು.

ಟ್ರೇಯ ಹೊದಿಕೆಗೆ ಅಂಟಿಸುವ ಪಟ್ಟಿಯೊಂದಿದೆ. ಹಬೆ ಸರಿಯಾಗಿ ತಾಗಿದರೆ ಮಾತ್ರ ಅದರ ಗೆರೆಗಳು ಕಪ್ಪಾಗುತ್ತವೆ. ಒಂದು ಬೆಳಿಗ್ಗೆ ಲೇಖಕಿ ಟ್ರೇಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದಳು. ಎಂದೂ ಇಲ್ಲದ ಹಾಗೆ ದೇವರು ಪಕ್ಕದಲ್ಲೇ ಇದ್ದಾನೆನಿಸಿ ಕಣ್ಣು ತುಂಬಿತು. ಆ ಸಂತೋಷದಲ್ಲಿ ಪಟ್ಟಿ ನೋಡುವುದನ್ನೇ ಮರೆತು, ಟ್ರೇಯನ್ನು ಲಿಫ್ಟಿಗೆ ದಾಟಿಸಿದಳು. ಲಿಫ್ಟಿನ ಬಾಗಿಲಲ್ಲಿ ಅಕ್ಕನವರು ಅದನ್ನು ತಡೆದರು. ಪಟ್ಟಿ ಬೆಳ್ಳಗೇ ಇತ್ತು.

ಹಿರಿಯ ಸರ್ಜನ್ ತಾವೇ ಇಳಿದು ಬಂದರು. "ಪೇಷಂಟ್ ಕಾಯ್ತಿದ್ದಾರೆ ಸಿಸ್ಟರ್. ಹಬೆಗೆ ಇಟ್ಟಿದ್ದೇ ತಾನೇ? ಕೊಡಿ."

"ಕೊಡಲ್ಲ ಡಾಕ್ಟ್ರೇ. ಇದು ಶುದ್ಧ ಅಂತ ದೇವರಿಗೇ ಹೇಳೋಕೆ ಆಗ್ತಿಲ್ಲ, ನಿಮಗೆ ಹೇಗೆ ಹೇಳ್ಲಿ?"

ಮತ್ತೆ ಹಬೆಗಿಟ್ಟು ತೆಗೆಯಲು ಮುಕ್ಕಾಲು ಗಂಟೆ ಹಿಡಿಯಿತು. ಲೇಖಕಿಗೆ ಅವರು ಹೇಳಿದ್ದು ಒಂದೇ ಮಾತು: "ಇನ್ಮೇಲೆ ಕಣ್ಣು ಬಿಟ್ಕೊಂಡು ಪ್ರಾರ್ಥನೆ ಮಾಡು."

ಶಸ್ತ್ರಚಿಕಿತ್ಸೆ ತಡವಾದದ್ದಕ್ಕೆ ಆಡಳಿತದವರು ಕಾರಣ ಹುಡುಕಿದರು. ಪ್ರಾರ್ಥನೆಯಿಂದ ಕೆಲಸ ತಡವಾಯಿತು, ಇನ್ನು ಹಾಗೆ ಮಾಡುವುದಿಲ್ಲ ಎಂದು ಬರೆದ ಕಾಗದವನ್ನು ಅಕ್ಕನವರ ಮುಂದಿಟ್ಟರು. ಅದಕ್ಕೆ ಸಹಿ ಹಾಕಬೇಕಿತ್ತು, ಇಲ್ಲವೇ ತಪ್ಪು ಯಾರದೆಂದು ಹೇಳಬೇಕಿತ್ತು. ಅವರು ಎರಡಕ್ಕೂ ಒಪ್ಪಲಿಲ್ಲ. "ಬಾಯಿ ಮುಚ್ಚು ಅಂದ್ರೆ ಮುಚ್ತೀನಿ ಸಾರ್, ಮನಸ್ಸಲ್ಲೇ ಮಾತಾಡ್ತೀನಿ. ಸುಳ್ಳಿಗೆ ಸಹಿ ಮಾತ್ರ ಹಾಕಲ್ಲ."

ಅವರನ್ನು ಬಟ್ಟೆ ವಿಭಾಗಕ್ಕೆ ಎತ್ತಂಗಡಿ ಮಾಡಿದರು. ಕೆಲಸ ಹೋದೀತೆಂಬ ಹೆದರಿಕೆಯಿಂದ ಲೇಖಕಿ ತುಟಿ ಬಿಚ್ಚಲಿಲ್ಲ. ಮೂರು ವರ್ಷ ಅಕ್ಕನವರು ಹಾಸಿಗೆಯ ಹೊದಿಕೆಗಳನ್ನು ಮಡಿಸಿದರು. ಒಂದೊಂದು ಮಡಿಕೆಯ ಮೇಲೂ ಅಂಗೈಯಿಟ್ಟು, ಅದೇ ಮಾತನ್ನು, ಈ ಸಲ ಇನ್ನಷ್ಟು ಗಟ್ಟಿಯಾಗಿ ಹೇಳಿದರು. ಆಡಳಿತ ಬದಲಾಗಿ ಅವರು ಮರಳಿ ಬಂದ ದಿನ, ತನ್ನ ಹೆಸರನ್ನೇಕೆ ಹೇಳಲಿಲ್ಲವೆಂದು ಲೇಖಕಿ ಕೇಳಿದಳು. "ದೇವರ ಹತ್ರ ಹೇಳಿದ್ದೆ. ಅಷ್ಟು ಸಾಕಿತ್ತು," ಎಂದು ಅವರು ಏಪ್ರನ್ ಕಟ್ಟಿಕೊಂಡರು.

ಆ ಮೂರು ವರ್ಷಗಳನ್ನು 'ಸ್ವಇಚ್ಛೆಯ ವರ್ಗಾವಣೆ' ಎಂದು ಬರೆಯುವಂತೆ ಸಂಪಾದಕ ಮಂಡಳಿ ಸೂಚಿಸಿದೆ. ಬರೆಯುವುದಿಲ್ಲ. ಅಕ್ಕನವರಿಗೆ ಕರ್ತನು ದೀರ್ಘಾಯುಷ್ಯವನ್ನೂ ಗಟ್ಟಿ ಮೊಣಕಾಲುಗಳನ್ನೂ ಕೊಡಲಿ. ಮುಂದಿನ ತಿಂಗಳಿನಿಂದ ನರ್ಸಿಂಗ್ ಶಾಲೆಯಲ್ಲಿ ಅವರು ಆರಂಭಿಸಲಿರುವ ಪಾಠಗಳು ಬಹುಕಾಲ ನಡೆಯಲಿ. ವಿಶ್ರಾಂತಿಯನ್ನು ಹಾರೈಸಿದರೆ ಅವರಿಗೇ ಸಿಟ್ಟು ಬಂದೀತು.

ಇಷ್ಟು ಹೊತ್ತು 'ಲೇಖಕಿ' ಎಂಬ ಮರೆಯಲ್ಲಿ ನಿಂತು ಬರೆದದ್ದೂ ಸಾಕು. ಆ ಟ್ರೇಯನ್ನು ಕಳುಹಿಸಿದವಳು ನಾನು. ಅಕ್ಕಾ, ಇಷ್ಟು ವರ್ಷ ನೀವು ದೇವರೊಬ್ಬನಿಗೇ ಹೇಳಿ ಮುಚ್ಚಿಟ್ಟ ನನ್ನ ತಪ್ಪನ್ನು ಇಗೋ, ನಾನೇ ಎಲ್ಲರ ಮುಂದೆ ಹೇಳುತ್ತಿದ್ದೇನೆ.