ಟ್ರೆಂಚಿಗೆ ಇಳಿಯಗೊಡದ ಮೇಡಂ

ಮೇಡಂ ಅವರ ಹೆಲ್ಮೆಟ್ಟನ್ನು ಯಾರೂ ತಪ್ಪಿ ಎತ್ತಿಕೊಳ್ಳುತ್ತಿರಲಿಲ್ಲ. ಅದರ ಒಳಪಟ್ಟಿಗೆ ವರ್ಷಗಟ್ಟಲೆಯ ಕುಂಕುಮ ಹತ್ತಿ ಕೆಂಪಗಾಗಿತ್ತು. ಹೆಲ್ಮೆಟ್ ತೆಗೆದರೆ ಹಣೆಯ ಮೇಲೆ ಉಳಿಯುತ್ತಿದ್ದದ್ದು ಅರ್ಧ ಬೊಟ್ಟು. ಆ ಅರ್ಧ ಬೊಟ್ಟಿನಲ್ಲೇ ಮೀಟಿಂಗಿಗೂ ಹೋಗುತ್ತಿದ್ದರು, ಮದುವೆಮನೆಗೂ ಹೋಗುತ್ತಿದ್ದರು.

ತಿಪಟೂರು ಕಡೆಯ ಆ ವಿದ್ಯುತ್ ಸ್ಟೇಷನ್ನಿಗೆ ನಾನು ಹೊಸ ಇಂಜಿನಿಯರಾಗಿ ಸೇರಿದಾಗ ಅವರೇ ನಮ್ಮ ಮೇಲಧಿಕಾರಿ. ಕಂದಿಕೆರೆಯ ತೋಟದ ಮನೆಯವರು. ಗಂಟಲು ದೊಡ್ಡದು, ತಾಳ್ಮೆ ಚಿಕ್ಕದು. ಅವರು ಬೈದರೆ ಗೇಟಿನಾಚೆ ಮೇಯುವ ಎಮ್ಮೆಯೂ ತಲೆ ಎತ್ತಿ ನೋಡುತ್ತಿತ್ತು. ಆದರೆ ಬ್ರೇಕರ್ ಕೋಣೆಯ ಬಾಗಿಲಿಗೆ ಬಂದರೆ ಅವರಷ್ಟು ನಿಧಾನಸ್ಥರು ಇನ್ನೊಬ್ಬರಿಲ್ಲ. ಲೈನಿನ ಕರೆಂಟು ಕಡಿಯುವ ಈ ಬ್ರೇಕರಿನೊಳಗೆ ಕಿಡಿ ನಂದಿಸಲು ಎಸ್‌ಎಫ್ ಸಿಕ್ಸ್ ಎಂಬ ಅನಿಲ ತುಂಬಿರುತ್ತಾರೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಗಿಂತ ಬಹಳ ಭಾರ. ಸೋರಿದರೆ ತಗ್ಗು ಹುಡುಕಿಕೊಂಡು ಹೋಗಿ ಕೂತು, ಅಲ್ಲಿದ್ದ ಗಾಳಿಯನ್ನು ಆಚೆ ತಳ್ಳುತ್ತದೆ. ಒಳಗೆ ಕಿಡಿ ಹಾರಿ ಸುಟ್ಟಿದ್ದರೆ ಬಿಳಿ ಪುಡಿ ಉಳಿಯುತ್ತದೆ, ಅದು ವಿಷ. ಬರಿಗೈಯಲ್ಲಿ ಅದನ್ನು ಒರೆಸಹೋದವನಿಗೆ ಒಮ್ಮೆ ಮೇಡಂ ಮೇಷ್ಟರ ಹಾಗೆ ಸ್ಕೇಲಿನಲ್ಲಿ ಬಾರಿಸಿದ್ದರು.

ಒಂದು ಬೇಸಿಗೆಯಲ್ಲಿ ಅನಿಲದ ಒತ್ತಡ ಇಳಿದಿದೆಯೆಂದು ಅಲಾರಂ ಬಡಿಯಿತು. ಕಂದಿಕೆರೆ ಕಡೆಯ ಲೈನ್ ಬಂದ್ ಮಾಡಿ, ಬ್ರೇಕರ್ ಕೆಳಗಿನ ಆಳವಾದ ಕೇಬಲ್ ಟ್ರೆಂಚಿಗೆ ಇಳಿದು ನೋಡಬೇಕಾಯಿತು. ಇಳಿಯಬೇಕಾದವನು ನಾನು. ತೋಟಕ್ಕೆ ನೀರಿಲ್ಲವೆಂದು ಊರಿನವರು ಗೇಟಿಗೆ ಬಂದು ಕೂಗಾಡುತ್ತಿದ್ದರು. ಮುಂದೆ ನಿಂತಿದ್ದವರು ಮೇಡಂ ಅವರ ಸ್ವಂತ ಅಣ್ಣ. ತಂಗಿಗೆ ಒಂದು ಮಾತು ಹೇಳಿದರೆ ಕರೆಂಟು ಬಂದೇಬಿಡುತ್ತದೆ ಎಂದು ಜಂಬ ಕೊಚ್ಚಿ ಎಲ್ಲರನ್ನೂ ಕರೆತಂದಿದ್ದರಂತೆ.

ಆ ಗದ್ದಲಕ್ಕೆ ನನಗೂ ಆತುರ ಹತ್ತಿತು. ಮುಚ್ಚಳ ಸರಿಸಿ, ಅಡುಗೆಮನೆಯ ಸಿಲಿಂಡರ್ ಮೂಸಿದಂತೆ ಮೂಸಿ, ವಾಸನೆಯೇ ಇಲ್ಲ ಮೇಡಂ ಎಂದು ಕಾಲು ಇಳಿಬಿಟ್ಟೆ. ಹಿಂದಿನಿಂದ ಕಾಲರ್ ಹಿಡಿದು ಎಳೆದರು. ಅಂಗಿಯ ಬಟನ್ನೇ ಕಿತ್ತುಹೋಯಿತು. ಆಮೇಲೆ ಆಮ್ಲಜನಕದ ಮೀಟರಿಗೆ ದಾರ ಕಟ್ಟಿ ಕೆಳಗಿಳಿಸಿದರು. ತಳ ಮುಟ್ಟುವ ಮೊದಲೇ ಅದು ಕಿರುಚತೊಡಗಿತು. ಕೆಳಗೆ ಉಸಿರಾಡುವ ಗಾಳಿಯೇ ಇರಲಿಲ್ಲ. ಬಾಗಿಲುಗಳನ್ನೆಲ್ಲ ತೆರೆಸಿ, ಟ್ರೆಂಚಿನ ತಳಕ್ಕೆ ಗಾಳಿ ಊದುವ ಬ್ಲೋವರ್ ಹಚ್ಚಿಸಿ, ಮೀಟರ್ ಸುಮ್ಮನಾಗುವವರೆಗೆ ಯಾರೂ ಇಳಿಯಕೂಡದು ಎಂದರು.

ಗೇಟಿನಲ್ಲಿ ಅಣ್ಣನ ಮುಖ ಕೆಂಪಾಗಿತ್ತು. "ಜನದೆದ್ರುಗೆ ನನ್ ಮರ್ವಾದೆ ತೆಗೀಬ್ಯಾಡ ಕಣೇ. ಹಾಕ್ಸು ಅತ್ಲಾಗೆ."

ಮೇಡಂ ಬೈಯಲಿಲ್ಲ. ಗೇಟಿನ ಹತ್ತಿರ ಹೋಗಿ, ನಾನೆಂದೂ ಕೇಳದಷ್ಟು ಮೆಲ್ಲಗೆ ಹೇಳಿದರು: "ಹಗೇವು ತೆಗ್ದೇಟ್ಗೆ ಚಿಕ್ಕಪ್ಪ ಇಳ್ದ. ಅವ್ನು ಬಿದ್ದ ಅಂತ ಸಣ್ ಚಿಕ್ಕಪ್ಪನೂ ಇಳ್ದ. ಅವತ್ತು ಯಾರೂ ಹಿಡ್ಕಳ್ಳಿಲ್ಲ ಕಣಣ್ಣ. ಇವತ್ತು ನಾನಿದೀನಿ."

ನೆಲದೊಳಗೆ ರಾಗಿ ತುಂಬಿಡುವ ಹಗೇವಿನಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ. ದೀಪ ಇಳಿಸಿ ನೋಡದೆ ಇಳಿಯಬಾರದು ಎಂಬುದು ಈ ಸೀಮೆಯ ಮಕ್ಕಳಿಗೂ ಗೊತ್ತು. ಆ ಮನೆಯಲ್ಲಿ ಅಂದು ಯಾರೋ ಅವಸರ ಮಾಡಿದ್ದರು, ಇಳಿದ ಇಬ್ಬರೂ ಬದುಕಿ ಬರಲಿಲ್ಲ. ಅಣ್ಣ ಹೆಗಲ ಟವೆಲ್ ತೆಗೆದು ಗೇಟಿನ ಬಳಿಯೇ ಹಾಸಿ ಕೂತರು, ಉಳಿದವರನ್ನೂ ಕೂರಿಸಿದರು. ಮೀಟರ್ ಸುಮ್ಮನಾದ ಮೇಲೆ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಇಳಿದೆ. ಕರೆಂಟು ಬಂದಾಗ ಸಂಜೆಯಾಗಿತ್ತು. ಒಬ್ಬರೂ ಮೇಡಂ ಅವರನ್ನು ಹೊಗಳಲಿಲ್ಲ, ಅವರಿಗೆ ಅದು ಬೇಕಾಗಿಯೂ ಇರಲಿಲ್ಲ.

ಹೋದ ವರ್ಷ ಮೇಡಂ ಕಾಯಿಲೆಯಲ್ಲಿ ತೀರಿಕೊಂಡರು. ಹೆಂಡತಿ, ಮಗಳನ್ನು ಕರೆದುಕೊಂಡು ಕಂದಿಕೆರೆಗೆ ತಿಥಿಗೆ ಹೋದೆ. ಅಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟು ನೆಂಟರಿಗೆ ಹೇಳಿದರು: "ಅವತ್ತು ಇಳೀಬೇಕಾಗಿದ್ದ ಹುಡ್ಗ ಇವ್ನೇ ಕಣ್ರಪ್ಪ."

ಎಲ್ಲರೂ ನನ್ನನ್ನು ನೋಡಿದರು. ನನಗೆ ಅಳು ತಡೆಯಲಾಗಲಿಲ್ಲ. ಅಣ್ಣ ನನ್ನ ಮಗಳ ಕೈ ಹಿಡಿದು ಕರೆದುಕೊಂಡು ಹೋಗಿ, ಮೊದಲ ಪಂಕ್ತಿಯಲ್ಲಿ ತಮ್ಮ ಪಕ್ಕದ ಎಲೆಗೆ ಕೂರಿಸಿಕೊಂಡರು.